ಮಾವನವರ ಪಾಲಿನ ಹೋಳಿಗೆ

ಹಿತ್ತಾಳೆ ತಂಬಿಗೆ ನೀರಿನ ಗುಡಾಣದ ಅಂಚಿಗೆ ತಾಗಿದ ಸದ್ದು. ಯಾರಿಗೂ ಎಚ್ಚರವಾಗಬಾರದೆಂದು ಜೋಪಾನವಾಗಿ ಅದ್ದಿದರೂ ಕೊನೆಗೆ ತಾಗಿಯೇಬಿಟ್ಟಿತ್ತು. ಆಮೇಲೆ ಗಟಗಟನೆ ನೀರು ಕುಡಿದದ್ದು, ಮುಚ್ಚಳ ಮುಚ್ಚಿದ್ದು ಕೇಳಿಸಿತು. ಆ ರಾತ್ರಿ ಅದು ಮೂರನೆಯ ಸಲ. ನಾನು ಎಣಿಸುತ್ತಿದ್ದೆ.

ಮಾವನವರು ಎಂದುಕೊಂಡೆ. ಸಕ್ಕರೆ ಮತ್ತೆ ಏರುತ್ತಿದೆ, ಅದಕ್ಕೇ ಈ ಬಾಯಾರಿಕೆ.

ಎದ್ದು ಹೋಗಿ ನೋಡಬಹುದಿತ್ತು. ನಮ್ಮ ಕೋಣೆಯಿಂದ ಅಡುಗೆಮನೆಗೆ ಹತ್ತು ಹೆಜ್ಜೆಯೂ ಇಲ್ಲ. ಆದರೆ ಸೊಸೆಯಾದವಳು ಅಂಥ ಹೊತ್ತಿನಲ್ಲಿ ಮಾವನೆದುರು ಹೋಗಿ ನಿಲ್ಲುವುದು ಹೇಗೆ ಎಂದು ಸುಮ್ಮನೆ ಮಲಗಿದೆ. ಮಲಗಿಕೊಂಡೇ, ನಾಳೆಯಿಂದ ಅವರ ತಟ್ಟೆಯಲ್ಲಿ ಇನ್ನೇನನ್ನು ಕಡಿಮೆ ಮಾಡಬಹುದೆಂದು ಯೋಚಿಸಿದೆ.

ಇದು 1961ರ ಕಾರ್ತಿಕ ಮಾಸದ ಮಾತು. ಆಗ ನಾವು ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದೆವು. ಮನೆಯಲ್ಲಿ ನಾಲ್ಕೇ ಜನ. ನಮ್ಮ ಯಜಮಾನರು ಮುರುಗೇಶಪ್ಪ ದಿನವೂ ಬೆಳಗಿನ ರೈಲಿನಲ್ಲಿ ಭದ್ರಾವತಿಯ ಕಾರ್ಖಾನೆಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದರು. ನಾನು ಮೈಸೂರಿನಲ್ಲಿ ಬಿ.ಎಸ್‌ಸಿ. ಮಾಡಿದ್ದವಳು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮಾವ ಷಡಕ್ಷರಪ್ಪನವರು ಬಟ್ಟೆ ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದರು. ಅತ್ತೆ ಕಾಶಮ್ಮನವರಿಗೆ ಮಾತ್ರ ನಿವೃತ್ತಿ ಇರಲಿಲ್ಲ.

ಮಾವನವರ ಅಣ್ಣ ಸಕ್ಕರೆ ಕಾಯಿಲೆಯಲ್ಲಿ ಮೊದಲು ಒಂದು ಕಾಲು ಕಳೆದುಕೊಂಡು, ಆಮೇಲೆ ಕಣ್ಣು ಕಳೆದುಕೊಂಡು, ಎರಡು ವರ್ಷ ಹಾಸಿಗೆಯಲ್ಲಿ ನರಳಿ ಹೋಗಿದ್ದರು. ಆ ಮನೆಗೆ ಹೋದಾಗಲೆಲ್ಲ ಬರುತ್ತಿದ್ದ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇದೆ. ಹಾಗಾಗಿ ಆ ವರ್ಷದ ಯುಗಾದಿಗೆ ಮುಂಚೆ ಮಾವನವರಿಗೆ ಸುಸ್ತು ಶುರುವಾದಾಗ ಭದ್ರಾವತಿಯ ಡಾಕ್ಟರ್ ರಾಮಚಂದ್ರಪ್ಪನವರಲ್ಲಿಗೆ ಕರೆದೊಯ್ಯಲು ಹಟ ಹಿಡಿದವಳು ನಾನೇ. ಅವರು ಪರೀಕ್ಷೆ ಮಾಡಿ ಹೇಳಿದರು.

"ಕಾಯಿಲೆ ಇನ್ನೂ ಜಗಲಿ ಮೇಲೆ ಕೂತಿದೆ ತಾಯಿ. ಒಳಗೆ ಬಾ ಅನ್ನದೆ ಇದ್ರೆ ಎದ್ದು ಹೋಗುತ್ತೆ. ಈಗ್ಲೇ ಔಷಧಿ ಬೇಡ, ಊಟದಲ್ಲೇ ಹಿಡೀಬೇಕು. ಅನ್ನ ಕಡಿಮೆ, ಸಿಹಿ ಬೇಡ. ಸೊಪ್ಪು, ಕಾಳು, ಮಜ್ಜಿಗೆ. ಸಂಜೆ ಒಂದು ಗಂಟೆ ನಡೀಲಿ. ಇವರಿಗೆ ನಾಲಿಗೆ ಕಟ್ಟೋ ಶಕ್ತಿ ಇದೆಯಾ?"

"ಅವರ ನಾಲಿಗೆ ಕಟ್ಟೋದೇನೂ ಬೇಡ," ಎಂದೆ. "ಬಡಿಸೋ ಕೈ ಕಟ್ಟಿದ್ರೆ ಸಾಕು."

ಇದು ಜಂಬದ ಮಾತಾಗಿರಲಿಲ್ಲ. ಮಾವನವರು ಹರೆಯದಲ್ಲಿ ಗುರುಗಳ ಮುಂದೆ ಒಂದು ನೇಮ ಹಿಡಿದಿದ್ದರು. ತಟ್ಟೆಗೆ ಬಂದದ್ದು ಪ್ರಸಾದ. ಬೇಕೆಂದು ಕೇಳಬಾರದು, ಬೇಡವೆಂದು ತಳ್ಳಬಾರದು, ಒಂದು ಅಗುಳೂ ಬಿಡಬಾರದು. ಲಿಂಗಪೂಜೆ ಮುಗಿಸಿ ಊಟಕ್ಕೆ ಕುಳಿತರೆ ಉಪ್ಪಿಲ್ಲದ ಸಾರನ್ನೂ ಮಾತಿಲ್ಲದೆ ಉಣ್ಣುತ್ತಿದ್ದರು. ಕೊನೆಗೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯುತ್ತಿದ್ದರು. ನಲವತ್ತು ವರ್ಷ ತಪ್ಪದ ನೇಮ. ಅಂದರೆ ಅವರ ಆರೋಗ್ಯ ಇದ್ದದ್ದು ಪೂರ್ತಿ ನನ್ನ ಸೌಟಿನಲ್ಲಿ.

ಅಂದಿನಿಂದ ಅವರಿಗೆ ನಾನೇ ಬಡಿಸತೊಡಗಿದೆ. ಒಂದೂವರೆ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಹೆಸರುಕಾಳು, ಒಂದು ಸೌಟು ಅನ್ನ, ಮಜ್ಜಿಗೆ. ಮಾವನವರು ಒಮ್ಮೆ ಮಾತ್ರ ತಟ್ಟೆ ನೋಡಿ ನಕ್ಕರು. "ಏನಮ್ಮಾ ಜಗದಾಂಬಾ, ಇವತ್ತು ರೊಟ್ಟಿ ಬಂದಿದೆಯೋ, ರೊಟ್ಟಿಯ ಕೂಸು ಬಂದಿದೆಯೋ?"

ಅತ್ತೆಗೆ ನಗು ಬರಲಿಲ್ಲ. "ಎರಡು ರೊಟ್ಟಿ ತಿಂದು ಮೇಲೆ ಅನ್ನ ಉಣ್ಣೋ ಗಂಡಸಿಗೆ ಹಿಂಗೆ ಹಾಕಿದ್ರೆ ಓಣಿಯೋರು ಏನಂತಾರೆ? ನಮ್ಮನೇಲೇನು ಬರ ಬಿದ್ದಿದೆಯಾ? ಓದಿದ ಸೊಸೆ ಬಂದ್ಲು, ಮಾವನ ಹೊಟ್ಟೆಗೆ ಬೀಗ ಹಾಕಿದ್ಲು!" ಯುಗಾದಿಯ ದಿನ ಈ ಮಾತು ವಿಪರೀತಕ್ಕೆ ಹೋಯಿತು. ಅವರು ಇಪ್ಪತ್ತು ಹೋಳಿಗೆ ಬೇಯಿಸಿದ್ದರು. ಮಾವನವರ ತಟ್ಟೆಗೆ ನಾನು ಒಂದನ್ನೂ ಹಾಕಲಿಲ್ಲ. ಅತ್ತೆ ಒಲೆಯ ಮುಂದೆ ಕುಳಿತು ಕಣ್ಣೀರು ಹಾಕಿದರು.

ನನಗೆ ಜಗಳವೆಂದರೆ ಮೊದಲಿನಿಂದಲೂ ಹೆದರಿಕೆ. ಮಾವನವರ ಪಾಲಿನ ಮೂರು ಹೋಳಿಗೆಗಳನ್ನು ಬಟ್ಟಲಿಗೆ ಹಾಕಿ, ತುಪ್ಪ ಬಿಟ್ಟು, ಅತ್ತೆಯ ಮುಂದೆ ಇಟ್ಟೆ. "ಅವರ ಪಾಲಿಂದು ನೀವು ತಿನ್ನಿ ಅತ್ತೆ. ದೇವರಿಗೆ ತೋರಿಸಿದ್ದು ಹಾಳಾಗಬಾರದು. ನೀವು ತಿಂದ್ರೆ ಅವರು ತಿಂದ ಹಾಗೇ."

ಅತ್ತೆ ಮೂಗು ಒರೆಸಿಕೊಂಡು, "ಇದೊಂದು ಮಾತು ಚೆನ್ನಾಗಿ ಆಡ್ತೀಯ ಮಾರಾಯ್ತಿ," ಎಂದರು. ತಿಂದರು. ಮನೆಯಲ್ಲಿ ಗಾಳಿ ತಣ್ಣಗಾಯಿತು.

ಆಮೇಲೆ ಅದೇ ರೂಢಿಯಾಯಿತು. ಬಸವ ಜಯಂತಿಯ ಪಾಯಸ, ನಾಗರಪಂಚಮಿಯ ಉಂಡೆ, ಗೌರಿಯ ಕಡುಬು, ದಿನದಿನದ ಅನ್ನದ ಉಳಿಕೆ, ಎಲ್ಲದರಲ್ಲೂ ಮಾವನವರ ಪಾಲನ್ನು ತೆಗೆದು ಅತ್ತೆಗೆಂದು ಮುಚ್ಚಿಡುತ್ತಿದ್ದೆ. ಬೆಳಗಿನ ಒಂಬತ್ತೂವರೆಗೆ ಎಲ್ಲರಿಗೂ ಬಡಿಸಿ ನಾನು ಶಾಲೆಗೆ ಓಡುತ್ತಿದ್ದೆ. ಅತ್ತೆ ಎಲ್ಲರದಾದ ಮೇಲೆ, ಪಾತ್ರೆಗಳನ್ನು ಮುಂದಿಟ್ಟುಕೊಂಡು, ಒಬ್ಬರೇ ಉಣ್ಣುತ್ತಿದ್ದರು. ಅವರು ಎಷ್ಟು ಉಣ್ಣುತ್ತಾರೆಂದು ಮದುವೆಯಾಗಿ ಆರು ವರ್ಷದಲ್ಲಿ ಒಮ್ಮೆಯೂ ನಾನು ನೋಡಿರಲಿಲ್ಲ. ಸಂಜೆ ಬಂದಾಗ ಪಾತ್ರೆಗಳು ತೊಳೆದು ಬೋರಲು ಹಾಕಿರುತ್ತಿದ್ದವು. ಜಗಳ ಇರುತ್ತಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಡಾಕ್ಟರರು ವಾರಕ್ಕೊಮ್ಮೆ ಮೂತ್ರ ಪರೀಕ್ಷೆ ಮಾಡಿಸಿ ಎಂದಿದ್ದರು. ಪ್ರತಿ ಸಲ ಭದ್ರಾವತಿಗೆ ಹೋಗುವುದೇಕೆ, ಶಾಲೆಯ ಲ್ಯಾಬಿನಲ್ಲಿ ನಾನೇ ಮಾಡುವ ಪರೀಕ್ಷೆ ಅದು. ಬೆನೆಡಿಕ್ಟ್ ದ್ರಾವಣ ಒಂದು ಶೀಷೆ ತಂದೆ. ನೀಲಿ ದ್ರಾವಣಕ್ಕೆ ಎಂಟು ಹನಿ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸಿದರೆ, ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಇರುತ್ತದೆ. ಇದ್ದರೆ ಹಸಿರು, ಹೆಚ್ಚಿದ್ದರೆ ಹಳದಿ, ಬಹಳವಿದ್ದರೆ ಇಟ್ಟಿಗೆ ಕೆಂಪು.

ಮಾವನವರಿಗೆ ಇದನ್ನು ನಾನು ಹೇಗೆ ಹೇಳಲಿ? ಅತ್ತೆಯ ಕೈಗೆ ಕೆಮ್ಮಿನ ಔಷಧಿಯ ಖಾಲಿ ಶೀಷೆ ಕೊಟ್ಟು, "ಸೋಮವಾರ ಬೆಳಗ್ಗೆ ಅವರ ಹತ್ರ ಇಸ್ಕೊಂಡು ಹಿತ್ತಲ ಕಲ್ಲಿನ ಮೇಲೆ ಇಟ್ಬಿಡಿ," ಎಂದೆ. ಅತ್ತೆ ಕೆನ್ನೆಗೆ ಕೈ ಹಚ್ಚಿಕೊಂಡರು. "ಶಿವನೇ, ಇದೊಂದು ಬಾಕಿ ಇತ್ತಾ!" ಎಂದರು. ಆದರೂ ಸೋಮವಾರ ಶೀಷೆ ಕಲ್ಲಿನ ಮೇಲೆ ಇತ್ತು. ಮೇಲೊಂದು ಬಾಳೆಲೆಯ ಚೂರು ಮುಚ್ಚಿತ್ತು.

ನೀಲಿ. ಮುಂದಿನ ವಾರವೂ ನೀಲಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಪದ. ಯಜಮಾನರು ಸ್ನೇಹಿತರೆದುರು ಹೇಳಿಕೊಳ್ಳುತ್ತಿದ್ದರು. "ನಮ್ಮನೆ ಹಿತ್ತಲಲ್ಲಿ ಒಂದು ಲ್ಯಾಬೋರೇಟರಿ ಇದೆ ಮಾರಾಯ. ನಮ್ಮಪ್ಪನ ಕಾಯಿಲೇನ ಇವಳು ಹೊಸಿಲಲ್ಲೇ ನಿಲ್ಸಿದ್ದಾಳೆ." ನಾನು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ. ಒಳಗೆ ಹೋಗಿ ಸಂತೋಷಪಡುತ್ತಿದ್ದೆ.

ದಸರೆಯ ವಾರ ಬಣ್ಣ ಹಸಿರಾಯಿತು. ಎರಡನೆಯ ಸಲ ಕಾಯಿಸಿ ನೋಡಿದೆ. ಹಸಿರೇ. ಮಾವನವರ ಅನ್ನ ನಿಲ್ಲಿಸಿದೆ. ದೀಪಾವಳಿಗೆ ಹಳದಿ. ಒಂದೂವರೆ ರೊಟ್ಟಿ ಒಂದಾಯಿತು. ರಾತ್ರಿ ತಂಬಿಗೆಯ ಸದ್ದು ಶುರುವಾದದ್ದು ಆಗಲೇ. ಮಾವನವರು ಹೊರಗೆ ಎಲ್ಲೋ ಕದ್ದು ತಿನ್ನುತ್ತಿರಬಹುದೇ ಎಂಬ ಅನುಮಾನ ಕೂಡ ಬಂತು. ನಲವತ್ತು ವರ್ಷ ನೇಮ ತಪ್ಪದವರ ಮೇಲೆ! ಸಂಜೆ ಅವರು ವಾಕಿಂಗ್ ಮುಗಿಸಿ ಬಂದಾಗ ಮೀಸೆಯ ಕಡೆ ನೋಡುತ್ತಿದ್ದೆ, ಬೆಲ್ಲದ ಚೂರೇನಾದರೂ ಇದೆಯೋ ಎಂದು. ಅವರ ಅಂಗಿ ಹೆಗಲಿನಿಂದ ಜೋಲತೊಡಗಿತ್ತು. ಏಳುವಾಗ ಗೋಡೆ ಹಿಡಿಯುತ್ತಿದ್ದರು. ಕಾಯಿಲೆ ತಿನ್ನುತ್ತಿದೆ ಎಂದುಕೊಂಡೆ. ರೊಟ್ಟಿ ಅರ್ಧವಾಯಿತು. ಅವರು ಉಂಡು, ತಟ್ಟೆ ತೊಳೆದ ನೀರು ಕುಡಿದು, "ಶಿವಾರ್ಪಣ" ಎಂದು ಏಳುತ್ತಿದ್ದರು. ಒಂದು ದಿನವೂ ಸಾಲದು ಎನ್ನಲಿಲ್ಲ. ಅನ್ನುವಂತಿರಲಿಲ್ಲ.

ಆ ದಿನಗಳಲ್ಲಿ ಅತ್ತೆಯ ಕಾಲ್ಬೆರಳು ಒರಳುಕಲ್ಲಿಗೆ ಎಡವಿ ಗಾಯವಾಗಿತ್ತು. ತಿಂಗಳಾದರೂ ಅರಿಸಿನದ ಪಟ್ಟಿ ಬಿಚ್ಚಿರಲಿಲ್ಲ. ನಾನು ಅದನ್ನು ದಿನವೂ ನೋಡುತ್ತಿದ್ದೆ. ಬರೀ ನೋಡುತ್ತಿದ್ದೆ.

ಡಿಸೆಂಬರಿನ ಒಂದು ಸೋಮವಾರ ಇಟ್ಟಿಗೆ ಕೆಂಪು ಬಂತು. ಟೆಸ್ಟ್ ಟ್ಯೂಬು ನನ್ನ ಕೈಯಿಂದ ಜಾರಿ ಕಲ್ಲಿನ ಮೇಲೆ ಒಡೆಯಿತು. ಶಾಲೆಗೆ ರಜೆ ಹೇಳಿ ಮಾವನವರನ್ನು ರೈಲು ಹತ್ತಿಸಿದೆ. ಯಜಮಾನರು ಬೆಳಗಿನ ಗಾಡಿಗೇ ಹೋಗಿಯಾಗಿತ್ತು. ದಾರಿಯುದ್ದಕ್ಕೂ ಮಾವನವರು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದರು. ಭದ್ರಾವತಿಯ ಸ್ಟೇಷನ್ನಿನಲ್ಲಿ ಇಳಿದು ನಾಲ್ಕು ಹೆಜ್ಜೆ ಇಟ್ಟವರು, ಏನೋ ಹೇಳಲೆಂದು ನನ್ನ ಕಡೆ ತಿರುಗಿ, ಹಾಗೆಯೇ ಕುಸಿದರು. ಪಾಳಿ ಮುಗಿಸಿ ಬರುತ್ತಿದ್ದ ಕಾರ್ಖಾನೆಯವರು ಓಡಿ ಬಂದರು. "ತಣ್ಣಿ, ತಣ್ಣಿ!" ಎಂದು ಒಬ್ಬ ತಮಿಳಿನಲ್ಲಿ ನೀರಿಗಾಗಿ ಕೂಗಿದ. ಇಬ್ಬರು ಅವರನ್ನು ಎತ್ತಿ ಜಟಕಾದಲ್ಲಿ ಮಲಗಿಸಿದರು. ಎತ್ತಿದವನೊಬ್ಬ, "ಏನ್ರೀ ಇದು, ಹಿರೀಕರಲ್ಲಿ ಭಾರವೇ ಇಲ್ಲ," ಎಂದದ್ದು ನನ್ನ ಕಿವಿಯಲ್ಲಿ ಉಳಿಯಿತು.

ಡಾಕ್ಟರರು ಅವರನ್ನು ಒಳಗೆ ಕರೆದೊಯ್ದು, ಅಲ್ಲೇ ಪರೀಕ್ಷೆ ಮಾಡಿ, ಅರ್ಧ ಗಂಟೆಯ ಮೇಲೆ ಹೊರಬಂದರು. ಕೈಯಲ್ಲಿ ಟೆಸ್ಟ್ ಟ್ಯೂಬು. ಅದು ನೀಲಿಯಾಗಿತ್ತು. ಆಕಾಶದಷ್ಟು ನೀಲಿ.

"ಎಲ್ಲಮ್ಮ ಸಕ್ಕರೆ?" ಎಂದರು.

ನಾನು ನೋಟ್‌ಬುಕ್ ಚಾಚಿದೆ. ಅವರು ಪುಟ ತಿರುಗಿಸಿದರು. ನೀಲಿ, ನೀಲಿ, ಹಸಿರು, ಹಳದಿ, ಕೆಂಪು. ಎದುರಿಗೆ ಬರೆದ ಊಟದ ಅಳತೆಗಳನ್ನೂ ಓದಿದರು. ಓದುತ್ತ ಓದುತ್ತ ಅವರ ಮುಖ ಬಿಗಿಯಿತು. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದರು.

"ಈ ಮನುಷ್ಯನಿಗೆ ಕಾಯಿಲೆ ಇಲ್ಲ. ಹಸಿವು ಇದೆ. ಎರಡು ತಿಂಗಳಿಂದ ಇವರನ್ನ ಉಪವಾಸ ಕೆಡವಿದ್ದೀರಿ ನೀವು. ಇನ್ನೊಂದು ತಿಂಗಳು ಹೀಗೇ ಹೋಗಿದ್ರೆ ನನ್ನ ಹತ್ರ ತರೋದು ಬೇಕಾಗ್ತಿರಲಿಲ್ಲ." ಆಮೇಲೆ ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟರು. "ಇದು ಬರೆದದ್ದು ಸರಿಯಾಗಿದ್ರೆ, ಇದು ಬೇರೆ ಯಾರದೋ. ಅವರು ಯಾರು ಅಂತ ಮೊದಲು ನೋಡಿ. ಅವರಿಗೆ ನನ್ನ ಅವಶ್ಯಕತೆ ಇದೆ."

ಒಳಗೆ ಮಾವನವರ ಮುಂದೆ ಡಾಕ್ಟರರ ಮನೆಯಿಂದ ಬಂದ ಹಾಲು, ನಾಲ್ಕು ಬಾಳೆಹಣ್ಣು ಇದ್ದವು. ಅವರು ಎಲ್ಲವನ್ನೂ ನಿಧಾನವಾಗಿ ತಿಂದರು. ಲೋಟಕ್ಕೆ ನೀರು ಹಾಕಿ, ಅಲುಗಿಸಿ, ಅದನ್ನೂ ಕುಡಿದರು. ನನ್ನನ್ನು ನೋಡಿ, "ಹೆದರಿಬಿಟ್ಟೆಯೇನಮ್ಮಾ? ಬಿಸಿಲು ನೋಡು," ಎಂದರು. ಆ ದಿನ ಬಿಸಿಲೇ ಇರಲಿಲ್ಲ.

ವಾಪಸು ಬರುವ ರೈಲಿನಲ್ಲಿ ರಾತ್ರಿಯ ತಂಬಿಗೆ, ಅರಿಸಿನದ ಪಟ್ಟಿ, ಬೋರಲು ಹಾಕಿದ ಪಾತ್ರೆಗಳು ಒಂದೊಂದಾಗಿ ನನ್ನ ಮುಂದೆ ಬಂದು ಕುಳಿತವು. ಯಾರೆಂದು ಊಹಿಸಲು ಶಿವಮೊಗ್ಗ ತಲುಪುವವರೆಗೆ ಕಾಯಬೇಕಾಗಲಿಲ್ಲ.

ಮಾವನವರನ್ನು ಮಲಗಿಸಿ ಹಿತ್ತಲಿಗೆ ಹೋದೆ. ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ಪಕ್ಕದಲ್ಲಿ ನೀರಿನ ತಂಬಿಗೆ.

"ಅತ್ತೆ, ಆ ಶೀಷೆ ಯಾರದ್ದು?"

ಅವರು ತಲೆ ಎತ್ತಲಿಲ್ಲ. "ಯಾವ ಶೀಷೆ?"

"ಸೋಮವಾರದ್ದು."

ಸೊಪ್ಪಿನ ಇನ್ನೆರಡು ಕಡ್ಡಿ ಮುರಿದರು. "ಅವರು ಕೊಡ್ಲಿಲ್ಲ ಕಣೇ," ಎಂದರು ಕೊನೆಗೆ. "ಮೊದಲ ದಿನಾನೇ ಬಯ್ದುಬಿಟ್ರು. ಎದೆ ಮೇಲೆ ಲಿಂಗ ಕಟ್ಕೊಂಡೋನು ಸೊಸೆ ಕೈಗೆ ಅದನ್ನ ಕೊಡ್ಲಾ, ನಾಚಿಕೆ ಆಗಲ್ವೇನೇ ನಿನಗೆ ಅಂದ್ರು. ನೀನು ನೋಡಿದ್ರೆ ಕಣ್ಣು ಬಿಟ್ಕೊಂಡು ಕಾಯ್ತಿದ್ದೆ. ಇಲ್ಲ ಅಂದ್ರೆ ನಾನೇ ನಿನ್ನ ಕೆಲಸ ಕೆಡಿಸ್ದೆ ಅಂತೀಯ. ಅದಕ್ಕೇ ನಂದೇ ಇಟ್ಟೆ."

"ನಿಮ್ಮದು ಇಟ್ರೆ ಅವರದ್ದು ಹೇಗೆ ಗೊತ್ತಾಗುತ್ತೆ ಅತ್ತೆ?"

"ಯಾಕೆ ಗೊತ್ತಾಗಲ್ಲ?" ಅತ್ತೆ ನಿಜವಾಗಿಯೂ ಆಶ್ಚರ್ಯದಿಂದ ನನ್ನನ್ನು ನೋಡಿದರು. "ಒಂದೇ ಒಲೆ, ಒಂದೇ ಗಡಿಗೆ. ನಲವತ್ತು ವರ್ಷ ಅವರುಂಡು ಉಳಿದದ್ದನ್ನೇ ಉಂಡೋಳು ನಾನು. ಅವರ ಹೊಟ್ಟೇಲಿ ಇರೋದು ನನ್ನ ಹೊಟ್ಟೇಲಿ ಇರಲ್ವಾ? ನೀನೇ ಹೇಳಿದ್ದೆಯಲ್ಲ, ನೀವು ತಿಂದ್ರೆ ಅವರು ತಿಂದ ಹಾಗೇ ಅಂತ."

ಆ ಮಾತನ್ನು ನಾನು ಮರೆತಿದ್ದೆ. ಅವರು ಮರೆತಿರಲಿಲ್ಲ.

ನಾನು ಅವರ ಪಕ್ಕದಲ್ಲಿ ಕುಳಿತು ಹೇಳಿದೆ. ರಾತ್ರಿಯ ಬಾಯಾರಿಕೆ, ಆರದ ಗಾಯ, ಕೆಂಪು ಬಣ್ಣ, ಮಾವನವರು ಹಸಿವಿನಿಂದ ಸ್ಟೇಷನ್ನಿನಲ್ಲಿ ಕುಸಿದದ್ದು. ಕಾಯಿಲೆ ಈ ಮನೆಯೊಳಗೆ ಬಂದದ್ದು ನಿಜ, ಆದರೆ ನಾನು ಕಾವಲು ನಿಂತ ಬಾಗಿಲಿನಿಂದ ಅಲ್ಲ. ಅತ್ತೆ ಕೇಳುತ್ತ ಕೇಳುತ್ತ ಸೊಪ್ಪನ್ನು ಕೈಬಿಟ್ಟರು. ತಮ್ಮ ಕಾಲಿನ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ.

"ಹಂಗಾದ್ರೆ, ನಂದು ಕೆಂಪು ಆಯ್ತು ಅಂತ ನೀನು ಅವರ ರೊಟ್ಟಿ ಕಿತ್ಕೊಂಡೆಯಾ?"

"ಹೌದು."

"ನಾನು ಇಲ್ಲಿ ಕೂತ್ಕೊಂಡು ಅವರ ಪಾಲಿನ ಕಡುಬು ತಿಂದೆ. ಅವರು ಅಲ್ಲಿ ಹಸ್ಕೊಂಡು ಬಿದ್ರು." ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಗಂಡನ್ನ ಉಪವಾಸ ಕೆಡವಿ ಉಂಡೋಳು ಅಂತಾರೆ ನನ್ನ. ಜಗದಾಂಬಾ, ನಿನ್ನ ಕಾಲಿಗೆ ಬೀಳ್ತೀನಿ, ಇದನ್ನ ಯಾರಿಗೂ ಹೇಳ್ಬೇಡ. ಮುರುಗೇಶನಿಗೆ ಹೇಳ್ಬೇಡ. ಅವರಿಗಂತೂ ಹೇಳ್ಲೇಬೇಡ. ತಪ್ಪು ನಂದೇ."

ಆಗ ನಾನು ಹೇಳಬೇಕಾದ ಮಾತು ಒಂದಿತ್ತು. ತಪ್ಪು ನಿಮ್ಮದಲ್ಲ ಅತ್ತೆ. ಆ ಬಟ್ಟಲನ್ನು ನಿಮ್ಮ ಮುಂದಿಟ್ಟವಳು ನಾನು. ನಿಮ್ಮ ಮೇಲಿನ ಪ್ರೀತಿಯಿಂದಲ್ಲ, ನಿಮ್ಮ ಬಾಯಿ ಮುಚ್ಚಿಸಲು. ಸಿಹಿ ಯಾರಿಗೆ ವಿಷವೆಂದು ಪುಸ್ತಕ ಓದಿ ತಿಳಿದವಳು ನಾನು. ಅದನ್ನು ಒಂದು ತಟ್ಟೆಯಿಂದ ತೆಗೆದು ಇನ್ನೊಂದಕ್ಕೆ ಹಾಕುವಾಗ ಆ ಇನ್ನೊಂದು ತಟ್ಟೆಯೂ ಮನುಷ್ಯರದೇ ಎಂದು ನನಗೆ ಹೊಳೆಯಲಿಲ್ಲ. ಇಷ್ಟು ಮಾತು. ನಾಲಿಗೆಯ ತುದಿಗೆ ಬಂದಿತ್ತು.

"ಹೇಳಲ್ಲ ಅತ್ತೆ," ಎಂದೆ. ಅವರ ಕೈ ಹಿಡಿದೆ. ಉಪಕಾರ ಮಾಡುವವಳ ಹಾಗೆ.

ಸಂಜೆ ಯಜಮಾನರು ಬಂದರು. ಸ್ಟೇಷನ್ನಿನಲ್ಲಿ ಯಾರೋ ಸುದ್ದಿ ಹೇಳಿದ್ದರಿಂದ ನೇರ ಡಾಕ್ಟರರಲ್ಲಿಗೆ ಹೋಗಿ ಬಂದಿದ್ದರು. ಮನೆಯಲ್ಲಿ ಯಾರಿಗಾದರೂ ಆರದ ಗಾಯವಿದೆಯೇ ಎಂದು ಡಾಕ್ಟರರು ಇವರನ್ನೇ ಕೇಳಿ ತಿಳಿದುಕೊಂಡಿದ್ದರಂತೆ. ಆಮೇಲೆ ಹೇಳಿದ್ದು ಎರಡೇ ಮಾತು: ತಂದೆಗೆ ಸಕ್ಕರೆಯ ಸುಳಿವೂ ಇಲ್ಲ, ಇನ್ನು ಸ್ವಲ್ಪ ಹೆಚ್ಚು ಉಣ್ಣಲಿ, ನಾಳೆ ತಾಯಿಯನ್ನು ಗಾಯ ತೋರಿಸಲು ಕರೆತನ್ನಿ ಎಂದು ನಿಮ್ಮ ಮನೆಯವರಿಗೆ ಹೇಳಿ. ಅವರು ನನ್ನನ್ನು ಬಿಟ್ಟುಕೊಡಲಿಲ್ಲ. ಏಕೆಂದು ನಾನು ಕೇಳುವಂತಿರಲಿಲ್ಲ.

"ನೋಡಿದ್ಯೇನಪ್ಪ?" ಯಜಮಾನರು ಮಾವನವರ ಪಕ್ಕದಲ್ಲಿ ಕುಳಿತು ಹಿಗ್ಗಿನಿಂದ ಹೇಳಿದರು. "ದೊಡ್ಡಪ್ಪನ ಕಾಯಿಲೆ ನಿನ್ನ ಹತ್ರ ಸುಳಿಯೋಕೆ ಬಿಡ್ಲಿಲ್ಲ ಇವಳು. ಸ್ವಲ್ಪ ಜಾಸ್ತಿ ಬಿಗಿ ಮಾಡಿಬಿಟ್ಲು ಅಷ್ಟೇ. ಓದಿದೋಳು ಮನೇಲಿದ್ರೆ ಹಿಂಗಿರುತ್ತೆ."

ಮಾವನವರು ನಕ್ಕರು. "ನನ್ನ ಸೌಟು ಅವಳ ಕೈಲಿದೆ. ನನಗೇನು ಚಿಂತೆ?"

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖವನ್ನೇ ನೋಡುತ್ತಿದ್ದರು, ಹೇಳಿಬಿಡುತ್ತೇನೋ ಎಂದು. ನಾನು ಹೇಳಲಿಲ್ಲ. ಒಳಗೆ ಹೋಗಿ ಮಾವನವರಿಗೆ ಎರಡು ರೊಟ್ಟಿ, ಕಾಳು, ಒಂದು ಸೌಟು ಅನ್ನ ಬಡಿಸಿದೆ. ಗಂಡಸರ ಊಟವಾದ ಮೇಲೆ ಎರಡು ತಟ್ಟೆ ಹಾಕಿದೆ. ಅತ್ತೆ, "ನೀನು ಉಣ್ಣು, ನಾನು ಆಮೇಲೆ," ಎಂದರು. ನಾನು ಕೇಳಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ ನಾವಿಬ್ಬರೂ ಎದುರುಬದುರು ಕುಳಿತೆವು. ಅವರಿಗೆ ಒಂದೂವರೆ ರೊಟ್ಟಿ, ಸೊಪ್ಪು, ಮಜ್ಜಿಗೆ ಹಾಕಿದೆ. ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು, ಒಂದು ಮಾತೂ ಆಡದೆ ಉಂಡರು. ಅವರು ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಕೈ ತೊಳೆದು ಹಿತ್ತಲಿಗೆ ಹೋದೆ. ಕಲ್ಲಿನ ಮೇಲೆ ಶೀಷೆ ಹಾಗೆಯೇ ಇತ್ತು. ಬಿಸಿನೀರಿನಲ್ಲಿ ತೊಳೆದು, ಒರೆಸಿ, ಸ್ಪಿರಿಟ್ ದೀಪದ ಪಕ್ಕದಲ್ಲಿಟ್ಟೆ; ಇನ್ನು ಮುಂದೆ ಅದಕ್ಕೆ ಹೆಚ್ಚು ಕೆಲಸವಿತ್ತು. ನೋಟ್‌ಬುಕ್ಕನ್ನು ಬಚ್ಚಲ ಒಲೆಗೆ ಹಾಕಿದೆ. ಅತ್ತೆ ಮುಚ್ಚಿಡಲು ಬೇಡಿದ್ದು ಶೀಷೆಯ ವಿಷಯ. ಬಟ್ಟಲಿನ ವಿಷಯವನ್ನು ಮುಚ್ಚಿಡು ಎಂದು ನನ್ನನ್ನು ಯಾರೂ ಬೇಡಿರಲಿಲ್ಲ. ಅದನ್ನೂ ಯಾರಿಗೂ ಹೇಳುವುದಿಲ್ಲ ಎಂದು, ಹಾಳೆಗಳು ಪೂರ್ತಿ ಉರಿದು ಮುಗಿಯುವ ಮೊದಲೇ, ನಿರ್ಧರಿಸಿದ್ದೆ.